ಯಾವಾಗ, ಎಲ್ಲಿ, ಮೊದಲ ಕೆಲಸ ಏನು?

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಪ್ರಯೋಗದಿಂದ ಶುರುಮಾಡುತ್ತೇನೆ. ಹೊವಾರ್ಡ್ ಲೆವೆಂಥಾಲ್ ಮತ್ತು ಅವರ ಸಂಗಡಿಗರು 1965ರಲ್ಲಿ ಪ್ರಕಟಿಸಿದ್ದು. ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಧನುರ್ವಾಯು ರೋಗದ ಬಗ್ಗೆ ಒಂದು ಕಿರುಪುಸ್ತಿಕೆ ಓದಲು ಕೊಟ್ಟರು. ಕೆಲವರಿಗೆ ಸಿಕ್ಕಿದ್ದರಲ್ಲಿ ಭೀಕರ ಚಿತ್ರಗಳು, ಎದೆ ಝಲ್ಲೆನ್ನಿಸುವ ವರ್ಣನೆ. ಇನ್ನು ಕೆಲವರಿಗೆ ಅದೇ ವಿಷಯ ಸೌಮ್ಯವಾದ ಮಾತಿನಲ್ಲಿ. ಲಸಿಕೆ ಹಾಕಿಸಿಕೊಳ್ಳಿ, ಇಲ್ಲೇ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಹಾಕುತ್ತಾರೆ ಎಂಬ ಸಲಹೆ ಮಾತ್ರ ಎರಡರಲ್ಲೂ ಒಂದೇ. ಭೀಕರವಾದದ್ದನ್ನು ಓದಿದವರು ಹೆಚ್ಚು ಹೆದರಿದರು, ಲಸಿಕೆ ಬೇಕೇ ಬೇಕು ಎಂದು ಹೆಚ್ಚು ಗಟ್ಟಿಯಾಗಿ ಹೇಳಿದರು. ಆದರೆ ಮುಂದೆ ಯಾರು ಯಾರು ನಿಜಕ್ಕೂ ಹೋಗಿ ಹಾಕಿಸಿಕೊಂಡರು ಎಂದು ಲೆಕ್ಕ ತೆಗೆದಾಗ, ಭಯ ಹೆಚ್ಚಿತ್ತೋ ಕಡಿಮೆಯಿತ್ತೋ ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಿರಲಿಲ್ಲ.

ವ್ಯತ್ಯಾಸ ಮಾಡಿದ್ದು ಒಂದು ನಕ್ಷೆ. ವಿದ್ಯಾರ್ಥಿಗಳಲ್ಲಿ ಒಂದು ಭಾಗದವರಿಗೆ ಪುಸ್ತಿಕೆಯ ಜೊತೆಗೆ ಕ್ಯಾಂಪಸ್ಸಿನ ನಕ್ಷೆಯನ್ನೂ ಕೊಟ್ಟಿದ್ದರು. ಆರೋಗ್ಯ ಕೇಂದ್ರ ಎಲ್ಲಿದೆ ಎಂದು ಅದರಲ್ಲಿ ಗುರುತು ಹಾಕಿತ್ತು, ಲಸಿಕೆ ಹಾಕುವ ವೇಳೆಯನ್ನೂ ತಿಳಿಸಿದ್ದರು. ನಿಮ್ಮ ವಾರದ ವೇಳಾಪಟ್ಟಿಯನ್ನೊಮ್ಮೆ ನೋಡಿಕೊಂಡು, ಯಾವಾಗ ಆ ಕಡೆ ಹೋಗಲು ಆಗುತ್ತದೆ ಎಂದು ಗೊತ್ತುಮಾಡಿಕೊಳ್ಳಿ ಎಂದು ಕೇಳಿಕೊಂಡಿದ್ದರು. ಅಷ್ಟೇ. ಇಂಥವರಲ್ಲಿ ಶೇಕಡಾ 28ರಷ್ಟು ಮಂದಿ ಹೋಗಿ ಲಸಿಕೆ ಹಾಕಿಸಿಕೊಂಡರು. ನಕ್ಷೆ ಸಿಗದವರಲ್ಲಿ ಹೋದವರು ಶೇಕಡಾ 3ರಷ್ಟು.

ಇವರೆಲ್ಲ ಅಂತಿಮ ವರ್ಷದವರು ಎಂಬುದನ್ನು ಮರೆಯಬೇಡಿ. ಆರೋಗ್ಯ ಕೇಂದ್ರ ಎಲ್ಲಿದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ನಕ್ಷೆಯಲ್ಲಿ ಅವರಿಗೆ ಹೊಸದೇನೂ ಇರಲಿಲ್ಲ. ಆದರೆ ನಕ್ಷೆ ಮತ್ತು ವೇಳಾಪಟ್ಟಿಯನ್ನು ಎದುರಿಗಿಟ್ಟುಕೊಂಡು ಕೂತ ಆ ಒಂದೆರಡು ನಿಮಿಷದಲ್ಲಿ 'ಲಸಿಕೆ ಹಾಕಿಸಿಕೊಳ್ಳಬೇಕು' ಎಂಬುದು 'ಬುಧವಾರ ಎರಡನೇ ತರಗತಿ ಮುಗಿದ ಮೇಲೆ ಎಡಕ್ಕೆ ತಿರುಗಬೇಕು' ಎಂದಾಯಿತು. ಇನ್ನೂ ಒಂದು ವಿವರವಿದೆ. ಪುಸ್ತಿಕೆ ಕೊಡದೆ ಬರೀ ಸೂಚನೆಗಳನ್ನಷ್ಟೇ ಕೊಟ್ಟಿದ್ದ ಗುಂಪಿನಿಂದ ಒಬ್ಬರೂ ಹೋಗಲಿಲ್ಲ. ಅಂದರೆ ಮನಸ್ಸಂತೂ ಬೇಕೇ ಬೇಕು. ಮನಸ್ಸಿದ್ದವರಿಗೆ ಮಾತ್ರ ನಕ್ಷೆ ಕೆಲಸಕ್ಕೆ ಬಂತು.

ನಾನು ಇವತ್ತು ಹೇಳಬೇಕೆಂದಿರುವುದು ಇದರ ಸುತ್ತಲೇ ಇದೆ. ಅಂದುಕೊಂಡದ್ದನ್ನು ಮಾಡಲಾಗದೆ ಹೋದಾಗ ನಾವು ನಮ್ಮ ಬಗ್ಗೆ ಏನೇನು ಹೇಳಿಕೊಳ್ಳುತ್ತೇವೆ? ನನಗೆ ಛಲವಿಲ್ಲ. ನಾನು ಆರಂಭಶೂರ. ನನ್ನ ಕೈಯಲ್ಲಿ ಇದಾಗುವುದಿಲ್ಲ. ಮನೆಯವರೂ ಸ್ನೇಹಿತರೂ ಅದನ್ನೇ ಹೇಳುತ್ತಾರೆ, ಮಕ್ಕಳಿಗೂ ನಾವು ಅದನ್ನೇ ಹೇಳುತ್ತೇವೆ. ಹೀಗೆ ವರ್ಷಗಟ್ಟಲೆ ಕೇಳಿಸಿಕೊಂಡವರು ಕೊನೆಗೆ ಏನನ್ನೂ ಅಂದುಕೊಳ್ಳುವುದನ್ನೇ ಬಿಟ್ಟುಬಿಡುತ್ತಾರೆ. ಇದು ನನಗೆ ಬಹಳ ನೋವು ಕೊಡುವ ವಿಷಯ. ಏಕೆಂದರೆ ಅವರಲ್ಲಿ ಎಷ್ಟೋ ಮಂದಿಗೆ ಆಸೆಯಲ್ಲಾಗಲಿ ಶಕ್ತಿಯಲ್ಲಾಗಲಿ ಏನೂ ಕೊರತೆ ಇರುವುದಿಲ್ಲ. ಆ ಕೆಲಸಕ್ಕೆ ಅವರ ದಿನದಲ್ಲಿ ಒಂದು ಜಾಗ ಗೊತ್ತಾಗಿರುವುದಿಲ್ಲ, ಅಷ್ಟೇ.

ಆಸೆಯನ್ನು ಇನ್ನಷ್ಟು ಹೆಚ್ಚಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದಕ್ಕೇ ಸ್ಫೂರ್ತಿಯ ಮಾತು ಕೇಳುತ್ತೇವೆ, ಗೋಡೆಗೆ ಘೋಷವಾಕ್ಯ ಅಂಟಿಸುತ್ತೇವೆ. ಇದನ್ನು ನೇರವಾಗಿ ಪರೀಕ್ಷಿಸಿದ ಒಂದು ಅಧ್ಯಯನ ಬ್ರಿಟನ್ನಿನಲ್ಲಿ ನಡೆಯಿತು, 2002ರಲ್ಲಿ ಪ್ರಕಟವಾಯಿತು. ಸಾರಾ ಮಿಲ್ನ್, ಶೀನಾ ಆರ್ಬೆಲ್, ಪಾಸ್ಕಲ್ ಶೀರನ್ ಎಂಬ ಮೂವರು ಮಾಡಿದ್ದು. ವಾರದಲ್ಲಿ ಒಮ್ಮೆಯಾದರೂ 20 ನಿಮಿಷ ಮೈಬೆವರುವಂತೆ ವ್ಯಾಯಾಮ ಮಾಡುತ್ತಾರೋ ಇಲ್ಲವೋ ಎಂದು ನೋಡುವುದು ಉದ್ದೇಶ. ಒಂದು ಗುಂಪಿಗೆ ವಿಶೇಷವಾಗಿ ಏನನ್ನೂ ಹೇಳಲಿಲ್ಲ. ಅವರಲ್ಲಿ ಶೇಕಡಾ 38 ಮಂದಿ ವ್ಯಾಯಾಮ ಮಾಡಿದರು. ಇನ್ನೊಂದು ಗುಂಪಿಗೆ ಹೃದ್ರೋಗದ ಅಪಾಯ, ವ್ಯಾಯಾಮದ ಲಾಭ ಎಲ್ಲವನ್ನೂ ಮನಮುಟ್ಟುವಂತೆ ತಿಳಿಸಿದರು. ಅವರಲ್ಲಿ ಮಾಡಿದವರು ಶೇಕಡಾ 35. ಮೂರನೇ ಗುಂಪಿಗೆ ಅದೇ ಮಾಹಿತಿಯ ಜೊತೆಗೆ ಒಂದೇ ಒಂದು ಕೆಲಸ ಹೆಚ್ಚಾಗಿ ಕೊಟ್ಟರು: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ವ್ಯಾಯಾಮ ಮಾಡುತ್ತೀರಿ ಎಂದು ಬರೆದುಕೊಡಿ. ಅವರಲ್ಲಿ ಮಾಡಿದವರು ಶೇಕಡಾ 91.

ನನ್ನನ್ನು ಕೇಳಿದರೆ, ಇಲ್ಲಿ 91ಕ್ಕಿಂತ 35 ದೊಡ್ಡ ಪಾಠ. ಸ್ಫೂರ್ತಿ ತುಂಬಿದ್ದು ಸುಳ್ಳಲ್ಲ, ಎರಡನೇ ಗುಂಪಿನವರ ಮನಸ್ಸು ನಿಜಕ್ಕೂ ವ್ಯಾಯಾಮದ ಕಡೆ ವಾಲಿತ್ತು. ಆದರೆ ವಾಲಿದ ಮನಸ್ಸು ಕಾಲನ್ನು ಎಬ್ಬಿಸಲಿಲ್ಲ.

ಈ ಬಗೆಯ ಗೊತ್ತುಪಾಡಿನ ಮೇಲೆ ದಶಕಗಳ ಕಾಲ ಕೆಲಸ ಮಾಡಿದವರು ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್. ಅವರು ಹೇಳುವ ವಾಕ್ಯದ ಅಚ್ಚು ತೀರಾ ಸರಳ: 'ಇಂಥದ್ದು ಆದಾಗ, ಇಂಥದ್ದು ಮಾಡುತ್ತೇನೆ.' ಮೊದಲರ್ಧದಲ್ಲಿ ಒಂದು ಸಂದರ್ಭ, ಎರಡನೆಯದರಲ್ಲಿ ಒಂದು ಕ್ರಿಯೆ. ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಟ್ಟ ಕೂಡಲೇ ನಡಿಗೆಯ ಬೂಟು ಹಾಕಿಕೊಳ್ಳುತ್ತೇನೆ. ಹೀಗೆ ಬರೆದುಕೊಂಡಾಗ ಏನಾಗುತ್ತದೆ? ಹೋಗಲೋ ಬೇಡವೋ ಎಂದು ಸಂಜೆ ಹೊಸದಾಗಿ ತೀರ್ಮಾನಿಸುವ ಪ್ರಮೇಯ ಇರುವುದಿಲ್ಲ. ತೀರ್ಮಾನ ಬೆಳಿಗ್ಗೆಯೇ ಆಗಿಹೋಗಿದೆ. ಚಪ್ಪಲಿ ಬಿಡುವುದೇ ಬೂಟನ್ನು ನೆನಪಿಸುತ್ತದೆ. ದಣಿದು ಬಂದ ಹೊತ್ತಿನಲ್ಲಿ ನಮ್ಮೊಂದಿಗೆ ನಾವೇ ವಾದ ಮಾಡಲು ಕೂತರೆ ಸೋಫಾ ಗೆಲ್ಲುವುದೇ ಹೆಚ್ಚು. ಆ ವಾದಕ್ಕೆ ಅವಕಾಶವೇ ಇಲ್ಲದಂತೆ ಮಾಡುವುದು ಈ ವಾಕ್ಯದ ಕೆಲಸ. 2006ರಲ್ಲಿ ಗೋಲ್‌ವಿಟ್ಸರ್ ಮತ್ತು ಶೀರನ್ ಸೇರಿ ಇಂಥ 94 ಪರೀಕ್ಷೆಗಳ ಫಲಿತಾಂಶವನ್ನು ಒಟ್ಟಿಗೆ ಇಟ್ಟು ನೋಡಿದರು. ಪರಿಣಾಮ ಮಧ್ಯಮದಿಂದ ದೊಡ್ಡ ಪ್ರಮಾಣದ್ದು ಎಂದು ಕಂಡಿತು.

ಇದನ್ನು ಒಂದು ನಿಜವಾದ ಬದುಕಿನಲ್ಲಿ ನೋಡೋಣ. ನನಗೆ ಪರಿಚಯದ ಒಬ್ಬಾಕೆಗೆ ಬಹಳ ಕಾಲದಿಂದ ಒಂದು ಆಸೆ: ಅಪ್ಪನ ನೆನಪುಗಳನ್ನು ಅವರ ದನಿಯಲ್ಲೇ ದಾಖಲು ಮಾಡಿಡಬೇಕು. ಅಪ್ಪನಿಗೆ ವಯಸ್ಸಾಗಿದೆ, ಮಾತು ಇನ್ನೂ ಸ್ಪಷ್ಟವಾಗಿದೆ. ಕೈಯಲ್ಲಿ ಫೋನಿದೆ, ಇಬ್ಬರೂ ಇರುವುದು ಒಂದೇ ಮನೆಯಲ್ಲಿ. ಹಣ ಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ. ಆದರೂ ಆಗಿಲ್ಲ. ಯಾಕೆ ಆಗಿಲ್ಲ ಎಂದು ಕೇಳಿದರೆ 'ಸರಿಯಾಗಿ ಕೂತು ಮಾಡಬೇಕು' ಎನ್ನುತ್ತಿದ್ದರು. ಈ 'ಸರಿಯಾಗಿ ಕೂತು' ಎಂಬುದನ್ನು ಬಿಡಿಸಿ ನೋಡಿದೆವು. ಅವರ ಮನಸ್ಸಿನಲ್ಲಿದ್ದದ್ದು ಹುಟ್ಟಿನಿಂದ ಇಲ್ಲಿಯವರೆಗಿನ ಇಡೀ ಜೀವನಚರಿತ್ರೆ, ಒಳ್ಳೆಯ ಮೈಕು, ಪ್ರಶ್ನೆಗಳ ಪಟ್ಟಿ, ಯಾರೂ ಅಡ್ಡಬರದ ಒಂದು ಇಡೀ ದಿನ. ಅಂಥ ದಿನ ಯಾರ ಮನೆಯಲ್ಲೂ ತಾನಾಗಿ ಬರುವುದಿಲ್ಲ.

ಹಾಗಾಗಿ ಮೊದಲ ಕೆಲಸ ಎಷ್ಟು ಚಿಕ್ಕದಾಗಬಹುದು ಎಂದು ಹುಡುಕಿದೆವು. ಒಂದು ಪ್ರಶ್ನೆ, ಹತ್ತು ನಿಮಿಷ. ಯಾವ ಪ್ರಶ್ನೆ? 'ನಿಮ್ಮ ಬಾಲ್ಯದ ಬಗ್ಗೆ ಹೇಳಿ' ಎಂದರೆ ಯಾರಿಗೂ ಮಾತು ಹೊರಡುವುದಿಲ್ಲ, ಅದು ಪರೀಕ್ಷೆಯ ಪ್ರಶ್ನೆಯಂತಿದೆ. 'ಮೊದಲ ಸಲ ನೀವೇ ದುಡಿದ ದುಡ್ಡಲ್ಲಿ ಏನು ತಗೊಂಡ್ರಿ?' ಇದಕ್ಕೆ ಉತ್ತರ ಇದ್ದೇ ಇರುತ್ತದೆ. ಯಾವಾಗ? ಅಪ್ಪ ಭಾನುವಾರ ಬೆಳಿಗ್ಗೆ ಪತ್ರಿಕೆ ಓದಿ ಮುಗಿಸಿ ಕನ್ನಡಕ ತೆಗೆದಿಟ್ಟು ಸುಮ್ಮನೆ ಕೂರುತ್ತಾರೆ. ಆ ಹೊತ್ತು. ಎಲ್ಲಿ? ಅವರು ಕೂತಲ್ಲೇ, ಅವರನ್ನು ಎಬ್ಬಿಸಿ ಬೇರೆ ಕಡೆ ಕೂರಿಸುವುದು ಬೇಡ. ಫೋನು? ಹಿಂದಿನ ರಾತ್ರಿಯೇ ಚಾರ್ಜ್ ಮಾಡಿ, ಧ್ವನಿಮುದ್ರಣದ ಗುಂಡಿಯನ್ನು ಪರದೆಯ ಮೊದಲ ಪುಟಕ್ಕೆ ತಂದಿಟ್ಟುಕೊಳ್ಳುವುದು. ಕೊನೆಗೆ ಅವರು ಬರೆದುಕೊಂಡ ವಾಕ್ಯ ಇದು: 'ಭಾನುವಾರ ಅಪ್ಪ ಕನ್ನಡಕ ತೆಗೆದಿಟ್ಟಾಗ, ಪಕ್ಕದ ಕುರ್ಚಿಯಲ್ಲಿ ಕೂತು, ಅವರಿಗೆ ಹೇಳಿ ಫೋನು ಶುರುಮಾಡಿ, ಮೊದಲ ದುಡಿಮೆಯ ಬಗ್ಗೆ ಕೇಳುತ್ತೇನೆ.'

ಮುದ್ರಣ ಶುರುಮಾಡುವ ಹೊತ್ತು ಗಡಿಯಾರದಲ್ಲಿ ಇಷ್ಟು ಗಂಟೆ ಎಂದು ಇಟ್ಟಿಲ್ಲ, ಕನ್ನಡಕ ತೆಗೆದಿಡುವ ಹೊತ್ತು ಎಂದಿದೆ, ಗಮನಿಸಿದಿರಾ? ಗಂಟೆಯೂ ಆಗುತ್ತದೆ. ಆದರೆ ಈಗಾಗಲೇ ನಡೆಯುತ್ತಲೇ ಇರುವ ಒಂದು ಸಂಗತಿಗೆ ಕಟ್ಟಿದರೆ ಅದನ್ನು ಬೇರೆಯಾಗಿ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಹನ್ನೊಂದು ಗಂಟೆ ನಾವು ಬೇರೇನೋ ಮಾಡುತ್ತಿರುವಾಗ ಸದ್ದಿಲ್ಲದೆ ದಾಟಿಹೋಗುತ್ತದೆ. ಅಪ್ಪ ಕನ್ನಡಕ ಮಡಿಸಿ ಇಡುವುದು ಕಣ್ಣಿಗೆ ಬೀಳುತ್ತದೆ.

ಈಗ ಅಡ್ಡಿಯ ವಿಷಯ. ಎಲ್ಲ ಯೋಜನೆಗಳೂ ಕಾಗದದ ಮೇಲೆ ಸಲೀಸಾಗಿ ನಡೆಯುತ್ತವೆ. ಮನೋವಿಜ್ಞಾನಿ ಗೇಬ್ರಿಯೆಲೆ ಎಟಿಂಗೆನ್ 1991ರಲ್ಲಿ ಥಾಮಸ್ ವಾಡನ್ ಜೊತೆ ಪ್ರಕಟಿಸಿದ ಅಧ್ಯಯನವೊಂದಿದೆ. ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ ಮಹಿಳೆಯರನ್ನು ಅವರು ಒಂದು ವರ್ಷ ಗಮನಿಸಿದರು. ನನ್ನಿಂದ ಆಗುತ್ತದೆ ಎಂಬ ನಿರೀಕ್ಷೆ ಇದ್ದವರು ಹೆಚ್ಚು ತೂಕ ಇಳಿಸಿದರು. ಇದು ನಾವು ಊಹಿಸಿದಂತೆಯೇ ಇದೆ. ಆದರೆ ತೆಳ್ಳಗಾದ ಮೇಲಿನ ತಮ್ಮನ್ನು ಬಣ್ಣಬಣ್ಣವಾಗಿ ಕಲ್ಪಿಸಿಕೊಂಡು ಸಂತೋಷಪಟ್ಟವರು, ಹಾಗೆ ಕಲ್ಪಿಸಿಕೊಳ್ಳದವರಿಗಿಂತ ಸರಾಸರಿ 11 ಕಿಲೋದಷ್ಟು ಕಡಿಮೆ ಇಳಿಸಿದರು. ಸುಂದರ ಕಲ್ಪನೆಯಲ್ಲಿ ಫಲದ ರುಚಿ ಮೊದಲೇ ಸಿಕ್ಕಿಬಿಡುತ್ತದೆ, ಮೈಯಲ್ಲಿ ಏಳಬೇಕಾದ ಚುರುಕು ಏಳುವುದಿಲ್ಲ ಎಂಬುದು ಎಟಿಂಗೆನ್ ಕೊಡುವ ವಿವರಣೆ. ಹಾಗಾಗಿ ಅವರ ಸಲಹೆ: ಫಲವನ್ನು ಕಲ್ಪಿಸಿಕೊಳ್ಳಿ, ಆ ಕೂಡಲೇ ನಡುವೆ ಅಡ್ಡ ಬರುವುದೇನು ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಕಲ್ಪಿಸಿಕೊಳ್ಳಿ. ಅದರಲ್ಲೂ ನಮ್ಮೊಳಗಿನ ಅಡ್ಡಿಯನ್ನು.

ಮತ್ತೆ ಆ ಮಗಳ ಬಳಿಗೆ ಬರುತ್ತೇನೆ. ಅಡ್ಡಿ ಏನು ಎಂದು ಕೇಳಿದಾಗ ಮೊದಲು ಬಂದ ಉತ್ತರ 'ಟೈಮ್ ಇಲ್ಲ.' ಹತ್ತು ನಿಮಿಷದ ಕೆಲಸಕ್ಕೆ ಅದು ಉತ್ತರವಾಗುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದರು: 'ಅಪ್ಪ, ಅದೆಲ್ಲ ಈಗ ಯಾಕಮ್ಮ ಅಂತಾರೆ. ಹಾಗಂದ ಕೂಡಲೇ ನನಗೆ ಮುಜುಗರವಾಗುತ್ತೆ. ಅವರ ಕೊನೆಗಾಲಕ್ಕೆ ಸಿದ್ಧತೆ ಮಾಡ್ತಿದ್ದೀನಿ ಅಂತ ಅವರಿಗೆ ಅನಿಸಿಬಿಟ್ಟರೆ?' ಇದು ನಿಜವಾದ ಅಡ್ಡಿ. ಹೊರಗಿನ ಯಾವ ವೇಳಾಪಟ್ಟಿಯಲ್ಲೂ ಇದು ಕಾಣುವುದಿಲ್ಲ. ಕಂಡ ಮೇಲೆ ಅದಕ್ಕೂ ಅದೇ ಅಚ್ಚಿನ ವಾಕ್ಯ ಮಾಡಬಹುದು. 'ಅಪ್ಪ ಯಾಕಮ್ಮ ಎಂದಾಗ, ಹಳೆಯ ಆಲ್ಬಮ್ ತೆಗೆದು, ಈ ಫೋಟೋದಲ್ಲಿ ನಿಮ್ಮ ಪಕ್ಕ ನಿಂತಿರೋರು ಯಾರು ಎಂದು ಕೇಳುತ್ತೇನೆ.' ಆಲ್ಬಮ್ಮನ್ನು ಹಿಂದಿನ ದಿನವೇ ಅಟ್ಟದಿಂದ ಇಳಿಸಿ ಇಡಬೇಕು ಎಂಬುದು ಆಗಲೇ ಹೊಳೆದದ್ದು.

ಅವರು ಶುರುಮಾಡಿದರು. ಎಲ್ಲ ಭಾನುವಾರವೂ ಆಗಲಿಲ್ಲ, ಆದರೂ ಈಗ ಅವರ ಬಳಿ ಅಪ್ಪನ ದನಿ ಇದೆ. ಒಂದು ಮುದ್ರಣದಲ್ಲಿ ಅಪ್ಪ ನಗು ತಡೆಯಲಾಗದೆ ಮಾತು ನಿಲ್ಲಿಸುತ್ತಾರೆ, ಹಿಂದೆ ಫ್ಯಾನಿನ ಸದ್ದು. ಆ ಸದ್ದೂ ಇರಲಿ, ತೆಗೆಯಬೇಡಿ ಎಂದು ನಾನೇ ಹೇಳಿದೆ.

ಇಷ್ಟೆಲ್ಲ ಹೇಳಿದ ಮೇಲೆ ಇದರ ಮಿತಿಯನ್ನೂ ಹೇಳಲೇಬೇಕು. ಅಮೆರಿಕದಲ್ಲಿ ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಸಂಗಡಿಗರು ಒಂದು ಕಂಪನಿಯ 3,000ಕ್ಕೂ ಹೆಚ್ಚು ನೌಕರರಿಗೆ ಫ್ಲೂ ಲಸಿಕೆಯ ಬಗ್ಗೆ ಪತ್ರ ಕಳಿಸಿದರು, 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರೀ ಮಾಹಿತಿಯ ಪತ್ರ ಬಂದವರಲ್ಲಿ ಲಸಿಕೆ ಹಾಕಿಸಿಕೊಂಡವರು ಶೇಕಡಾ 33ರಷ್ಟು. ಯಾವ ದಿನ, ಎಷ್ಟು ಗಂಟೆಗೆ ಹೋಗುತ್ತೀರಿ ಎಂದು ಬರೆದುಕೊಳ್ಳಲು ಪತ್ರದಲ್ಲೇ ಜಾಗ ಬಿಟ್ಟಿದ್ದಾಗ ಶೇಕಡಾ 37ರಷ್ಟು. 35ರಿಂದ 91ಕ್ಕೆ ಹಾರುವ ಜಿಗಿತವನ್ನು ಎಲ್ಲ ಕಡೆ ನಿರೀಕ್ಷಿಸಬೇಡಿ. ಅಂಚೆಯಲ್ಲಿ ಬಂದ ಕಾಗದದಲ್ಲಿ ಖಾಲಿ ಜಾಗ ಇದ್ದ ಮಾತ್ರಕ್ಕೆ ಎಲ್ಲರೂ ಅದನ್ನು ತುಂಬುವುದಿಲ್ಲ. ಒಂದು ಕಾಗದ, ಒಂದು ಖಾಲಿ ಗೆರೆ, ಅದರಿಂದ ನೂರಕ್ಕೆ ನಾಲ್ಕು ಜನ ಹೆಚ್ಚಾಗಿ ಹೋದರು ಎಂದರೆ ನನಗೆ ಅದು ಕಡಿಮೆಯೇನಲ್ಲ. ಆದರೆ ಕೂತು ಯೋಚಿಸಿ ಬರೆದ ಗೊತ್ತುಪಾಡಿಗೂ ಯಾಂತ್ರಿಕವಾಗಿ ತುಂಬಿದ ಫಾರಮ್ಮಿಗೂ ವ್ಯತ್ಯಾಸವಿದೆ.

ಮಧ್ಯೆ ಒಂದು ಚಿಕ್ಕ ಸಂಗತಿ, ವಿಷಯ ಬಿಟ್ಟು ಹೋಗುವುದಿಲ್ಲ. ಮುಗಿಯದ ಕೆಲಸಗಳು ರಾತ್ರಿ ಮಲಗಿದಾಗ ತಲೆಯಲ್ಲಿ ಸುತ್ತುತ್ತವೆ, ಅಲ್ಲವೇ? ಮಾಸಿಕ್ಯಾಂಪೋ ಮತ್ತು ಬೌಮೈಸ್ಟರ್ ಎಂಬ ಇಬ್ಬರು 2011ರಲ್ಲಿ ತೋರಿಸಿದ್ದು ಇದು: ಬಾಕಿ ಉಳಿದ ಕೆಲಸದ ನೆನಪು ಓದುವಾಗ ನಡುನಡುವೆ ನುಗ್ಗಿ ಗಮನ ಕೆಡಿಸುತ್ತದೆ. ಆ ಕೆಲಸವನ್ನು ಯಾವಾಗ, ಹೇಗೆ ಮಾಡುತ್ತೇನೆ ಎಂದು ನಿರ್ದಿಷ್ಟವಾಗಿ ಬರೆದುಕೊಂಡವರಲ್ಲಿ ಈ ಕಾಟ ಕಡಿಮೆಯಾಯಿತು, ಕೆಲಸ ಇನ್ನೂ ಆಗಿರದಿದ್ದರೂ. ನನ್ನ ಅನುಭವವೂ ಅದೇ. ಮಲಗುವ ಮೊದಲು ನಾಳೆಯ ಆ ಒಂದು ಕೆಲಸದ ಹೊತ್ತು ಮತ್ತು ಮೊದಲ ಹೆಜ್ಜೆ ಬರೆದಿಟ್ಟರೆ ನಿದ್ದೆ ಸುಲಭವಾಗಿ ಬರುತ್ತದೆ.

ಇನ್ನು ಎಷ್ಟು ಸಮಯ ಹಿಡಿಯುತ್ತದೆ ಎಂಬ ಅಂದಾಜು. ಇದರಲ್ಲಿ ನಾವೆಲ್ಲ ಒಂದೇ ದಿಕ್ಕಿನಲ್ಲಿ ಎಡವುತ್ತೇವೆ. 1979ರಲ್ಲೇ ಕಾನೆಮನ್ ಮತ್ತು ಟ್ವೆರ್ಸ್ಕಿ ಎಂಬ ಇಬ್ಬರು ಮನೋವಿಜ್ಞಾನಿಗಳು ಇದನ್ನು ಗುರುತಿಸಿ ಹೆಸರಿಟ್ಟಿದ್ದರು. ಕೆನಡಾದ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕಾಗಬಹುದು ಎಂದು ಕೇಳಿದರು. ಸರಾಸರಿ ಉತ್ತರ 34 ದಿನ. ಎಲ್ಲವೂ ಕೆಟ್ಟರೆ ಎಷ್ಟು ದಿನ ಎಂದು ಕೇಳಿದಾಗ 49 ದಿನ ಎಂದರು. ನಿಜಕ್ಕೂ ಹಿಡಿದದ್ದು ಸರಾಸರಿ 55 ದಿನಕ್ಕಿಂತ ಹೆಚ್ಚು. ಅಂದರೆ ಎಲ್ಲವೂ ಕೆಡುತ್ತದೆ ಎಂದು ಊಹಿಸಿದಾಗಲೂ ಅವರ ಅಂದಾಜು ನಿಜಕ್ಕೆ ಮುಟ್ಟಲಿಲ್ಲ. ಅಂದಾಜು ಮಾಡುವಾಗ ಮುಂದೆ ನೋಡಬೇಡಿ, ಹಿಂದೆ ನೋಡಿ. ಇಂಥದೇ ಕೆಲಸ ಕಳೆದ ಸಲ ನಿಮಗೆ ಎಷ್ಟು ದಿನ ಹಿಡಿಯಿತು? ಆ ಸಂಖ್ಯೆಯನ್ನೇ ಇಟ್ಟುಕೊಳ್ಳಿ. ಆಗ ಏನೋ ವಿಶೇಷ ತೊಂದರೆ ಇತ್ತು, ಈ ಸಲ ಇರುವುದಿಲ್ಲ ಎಂದು ಮನಸ್ಸು ಹೇಳುತ್ತದೆ. ಆ ಮಾತನ್ನು ನಂಬಬೇಡಿ. ಈ ಸಲ ಬೇರೊಂದು ತೊಂದರೆ ಬರುತ್ತದೆ.

ಒಂದು ದಿನ ತಪ್ಪಿದರೆ? ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಬಿಟ್ಟುಕೊಟ್ಟದ್ದು ಇಲ್ಲಿಯೇ. ಹನ್ನೊಂದು ದಿನ ಮಾಡಿದರು, ಹನ್ನೆರಡನೇ ದಿನ ಮನೆಗೆ ಯಾರೋ ಬಂದರು ಅಥವಾ ಜ್ವರ ಬಂತು, ಹದಿಮೂರನೇ ದಿನ 'ಹೇಗೂ ಕೆಟ್ಟುಹೋಯಿತಲ್ಲ' ಎಂದು ಕೈಬಿಟ್ಟರು. ಇದಕ್ಕೆ ಒಂದು ಕಾರಣ, ಯಾವ ಅಭ್ಯಾಸವಾದರೂ 21 ದಿನದಲ್ಲಿ ರೂಢಿಯಾಗುತ್ತದೆ ಎಂಬ ಜನಪ್ರಿಯ ಮಾತು. ಆ ಮಾತಿನ ಮೂಲ 1960ರ ಸುಮಾರಿನ ಒಬ್ಬ ಪ್ಲಾಸ್ಟಿಕ್ ಸರ್ಜನ್, ಮ್ಯಾಕ್ಸ್‌ವೆಲ್ ಮಾಲ್ಟ್ಸ್. ಶಸ್ತ್ರಚಿಕಿತ್ಸೆಯಾದ ಮೇಲೆ ಬದಲಾದ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗಳಿಗೆ ಕನಿಷ್ಠ 21 ದಿನವಾದರೂ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ದಾಟುವಾಗ 'ಕನಿಷ್ಠ' ಬಿದ್ದುಹೋಯಿತು, ಮುಖವೂ ಬಿದ್ದುಹೋಯಿತು, ಎಲ್ಲ ಅಭ್ಯಾಸಕ್ಕೂ ಅನ್ವಯಿಸುವ ನಿಯಮವಾಗಿ ಕೂತಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ಇದನ್ನು ನಿಜವಾಗಿ ಅಳೆದು 2010ರಲ್ಲಿ ಪ್ರಕಟಿಸಿದರು. 96 ಮಂದಿ, 12 ವಾರ. ಪ್ರತಿಯೊಬ್ಬರೂ ದಿನದ ಒಂದು ಹೊತ್ತಿಗೆ ಒಂದು ಹೊಸ ಅಭ್ಯಾಸವನ್ನು ಕಟ್ಟಿಕೊಂಡರು. ಅದು ಯೋಚಿಸದೆ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ನಡುವಿನ ಅಂದಾಜು 66 ದಿನ. ಆದರೆ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕಾಗುತ್ತದೆ ಎಂದು, ಆ 12 ವಾರದ ಗತಿಯನ್ನು ಮುಂದಕ್ಕೆ ಎಳೆದು ನೋಡಿದಾಗ ಲೆಕ್ಕ ಬಂತು. ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ಕೂರುತ್ತದೆ, ವ್ಯಾಯಾಮ ನಿಧಾನ. ಹಾಗಿರುವಾಗ 22ನೇ ದಿನವೂ ಕಷ್ಟವಾಗುತ್ತಿದೆ ಎಂದು ಅಳುಕುವವರಿಗೆ ಯಾವ ದೋಷವೂ ಇಲ್ಲ. ಆ ಅಧ್ಯಯನದಲ್ಲಿ ಇನ್ನೂ ಮುಖ್ಯವಾದದ್ದು ಒಂದಿದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂರುವುದಕ್ಕೆ ಗಣನೀಯವಾದ ಅಡ್ಡಿಯಾಗಲಿಲ್ಲ. ತಪ್ಪಿದ ದಿನವನ್ನು ಕೂಡ ಮೊದಲೇ ಯೋಜನೆಯಲ್ಲಿ ಬರೆಯಬಹುದು. 'ಒಂದು ದಿನ ತಪ್ಪಿದರೆ, ಮರುದಿನ ಅರ್ಧದಷ್ಟಾದರೂ ಮಾಡುತ್ತೇನೆ.' ಹೀಗೆ ಬರೆದಿಟ್ಟವರಿಗೆ ಹನ್ನೆರಡನೇ ದಿನ ಸೋಲಿನಂತೆ ಕಾಣುವುದಿಲ್ಲ. ಅದು ಮೊದಲೇ ಗೊತ್ತಿದ್ದ ದಿನ.

ಪ್ರಶ್ನೆಗಳಿಗೆ ಹೋಗುವ ಮೊದಲು, ಈ ವಿಷಯ ಬಂದಾಗ ಸಾಮಾನ್ಯವಾಗಿ ಯಾರೂ ಮಾತಾಡದ ಒಂದು ಭಾಗವಿದೆ: ಕೈಬಿಡುವುದು. ನೀವು ಇವತ್ತು ಮನೆಗೆ ಹೋಗಿ ನಿಮ್ಮ ಅಂದುಕೊಂಡವುಗಳನ್ನೆಲ್ಲ ಪಟ್ಟಿ ಮಾಡಿದರೆ ಬಹುಶಃ ಹತ್ತು ಹದಿನೈದು ಆಗುತ್ತವೆ. ಭಾಷೆ ಕಲಿಯಬೇಕು, ಸಾಲ ತೀರಿಸಬೇಕು, ಮುನಿಸಿಕೊಂಡ ಸ್ನೇಹಿತನನ್ನು ಮಾತಾಡಿಸಬೇಕು, ಸಂಗೀತ ಮುಂದುವರಿಸಬೇಕು. ಅಷ್ಟಕ್ಕೂ ಯಾವಾಗ, ಎಲ್ಲಿ ಎಂದು ಬರೆಯಲು ಹೋದರೆ ವಾರ ಸಾಲುವುದಿಲ್ಲ. ಒಂದೋ ಎರಡೋ ಆರಿಸಿಕೊಳ್ಳಿ. ಉಳಿದವುಗಳಲ್ಲಿ ಕೆಲವಕ್ಕೆ 'ಇದನ್ನು ಈ ವರ್ಷ ನೋಡುವುದಿಲ್ಲ' ಎಂದು ತಾರೀಕು ಹಾಕಿ ಬೇರೆ ಹಾಳೆಯಲ್ಲಿ ಇಡಿ. ಇನ್ನು ಕೆಲವು ಯಾವತ್ತೋ ನಮಗೆ ಬೇಕಾಗಿದ್ದವು, ಈಗ ಬೇಕಾಗಿಲ್ಲ, ಅಭ್ಯಾಸಬಲದಿಂದ ಹೊತ್ತುಕೊಂಡಿದ್ದೇವೆ. ಇಪ್ಪತ್ತನೇ ವಯಸ್ಸಿನಲ್ಲಿ ಅಂದುಕೊಂಡದ್ದನ್ನು ನಲವತ್ತೈದರಲ್ಲೂ ಮಾಡಲೇಬೇಕೆಂಬ ಕರಾರು ಯಾರೂ ಬರೆಸಿಕೊಂಡಿಲ್ಲ. ಅಂಥದಕ್ಕೆ ಅಡ್ಡಗೆರೆ ಎಳೆದುಬಿಡಿ.

ಆದರೆ ಅಡ್ಡಗೆರೆ ಎಳೆಯುವಾಗ ಒಂದನ್ನು ನೋಡಿಕೊಳ್ಳಿ. ಆ ಕೆಲಸಕ್ಕಾಗಿ ಇನ್ನೊಬ್ಬರು ಕಾಯುತ್ತಿದ್ದಾರೆಯೇ? ನಿಮ್ಮ ಜೊತೆ ಸೇರಿ ಏನೋ ಮಾಡಬೇಕೆಂದು ತಂಗಿಯೋ ಗೆಳೆಯನೋ ಹಳೆಯ ಸಹೋದ್ಯೋಗಿಯೋ ಕಾಯುತ್ತಿದ್ದರೆ, ನಿಮ್ಮ ಹಾಳೆಯ ಮೇಲಿನ ಗೆರೆ ಅವರಿಗೆ ಕಾಣುವುದಿಲ್ಲ. ಅವರಿಗೆ ಫೋನು ಮಾಡಿ ಹೇಳಬೇಕು. ಅದಕ್ಕೂ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಇವತ್ತೇ ಬರೆದುಕೊಳ್ಳಿ, ಯಾಕೆಂದರೆ ಎಲ್ಲಕ್ಕಿಂತ ಮುಂದಕ್ಕೆ ಹೋಗುತ್ತಲೇ ಇರುವುದು ಅಂಥ ಫೋನು ಕರೆ.